ಕೌದಿ ತೆಗೆಸಿದ ಮಾಸ್ತರರು

ನಮ್ಮ ಕಂಪ್ಯೂಟರ್ ಮಾಸ್ತರರ ಬಲಗಿವಿಯ ಮೇಲೆ ಸದಾ ಒಂದು ಬಣ್ಣದ ಕುಂಚ ಸಿಕ್ಕಿಸಿಕೊಂಡಿರುತ್ತಿತ್ತು; ಧೂಳು ಹೊಡೆದೂ ಹೊಡೆದೂ ಅದರ ಕೂದಲು ಬೂದಿ ಬಣ್ಣಕ್ಕೆ ತಿರುಗಿತ್ತು. ಅವರು ವಿಜಾಪುರದ ಕಡೆಯವರು, ನಾವಿರುವ ಮರಾಠಿ ಊರಿನ ಕೊಂಢವಾ ಬಡಾವಣೆಯಲ್ಲಿ ಸಣ್ಣ ರಿಪೇರಿ ಅಂಗಡಿ. ಗಿರಾಕಿಗಳ ಜೊತೆ ಮರಾಠಿ, ಯಂತ್ರದ ಜೊತೆ ಮಾತ್ರ ಕನ್ನಡ: "ಏಳವ್ವಾ, ಎಷ್ಟ ಮಲಗ್ತಿ?"

ನಾನು ಎರಡನೇ ಇಯತ್ತೆಯ ತನಕವಷ್ಟೇ ಶಾಲೆ ಕಲಿತವಳು. ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತನಾಗಿದ್ದ ಮಗ, ಎರಡು ಸಾವಿರದ ಇಸವಿ ದಾಟಿದ ಮೇಲೆ, ತನ್ನ ಮಗಳ ಕಾಲೇಜಿಗೆಂದು ಹಳೆಯ ಕಂಪ್ಯೂಟರ್ ತಂದ. ಸಂಭ್ರಮವೆಂದರೆ ಸಂಭ್ರಮ! ಧೂಳು ಕೂಡಬಾರದೆಂದು ನಾನು ಸೀರೆ ತುಂಡು ಕೂಡಿಸಿ ಆ ಡಬ್ಬಿಗೊಂದು ಕೌದಿ ಹೊಲಿದು ಹೊದಿಸಿದೆ. ಯಂತ್ರ ನಡೆಯುವಾಗಲೂ ತೆಗೆಯುತ್ತಿರಲಿಲ್ಲ.

ಮೊಮ್ಮಗಳು ಎರಡು ತಿಂಗಳು ಕುಳಿತು ಬರೆದ ಪ್ರಾಜೆಕ್ಟ್ ಅದರೊಳಗಿತ್ತು. ಮರುದಿನ ಕಾಲೇಜಿಗೆ ಕೊಡಬೇಕು. ಯಂತ್ರ ಮೊದಲು ತೆವಳಿತು, ಆಮೇಲೆ ಕುಂಯ್ ಕುಂಯ್ ಎಂದಿತು, ಪರದೆ ಕಪ್ಪಾಯಿತು. ಕೈಯಿಂದಲಾದರೂ ಬರೆಯುತ್ತೇನೆಂದು ಹುಡುಗಿ ಅಳುತ್ತ ಗೆಳತಿಯ ಮನೆಗೆ ಓಡಿದಳು. ನಾನು ಮಾಸ್ತರರಿಗೆ ಫೋನು ಹಚ್ಚಿದೆ.

ಬಂದವರು ಕೂಸಿನ ಜ್ವರ ನೋಡುವಂತೆ ಡಬ್ಬಿಯ ಮೇಲೆ ಅಂಗೈ ಇಟ್ಟರು.

"ಆಯಿ, ಇದಕ್ಕ ಥಂಡಿ ಆಗೂದಿಲ್ರಿ, ಗಾಳಿ ಬೇಕಾಗತದ. ಹಿಂದಿನ ಫ್ಯಾನಿಗೇ ಕೌದಿ ಹೊಚ್ಚೀರಲ್ಲ!"

ನಾನು ಕೌದಿ ಎಳೆದು ತೆಗೆದೆ. "ಅಯ್ಯ ಶಿವನ, ಹುಡುಗಿ ಬರದದ್ದೆಲ್ಲ ಹೋತೇನ್ರಿ?"

"ಅದು ಟ್ರಂಕಿನ್ಯಾಗ ಇಟ್ಟಂಗ ಬ್ಯಾರೆ ಕಡೆ ಇರತದ. ನೀವ ಡಬ್ಬಿ ಬಿಚ್ಚಿ ನೋಡ್ರಿ."

"ನಾನಾ? ನನಗ ಸಹಿ ಮಾಡ್ಲಿಕ್ಕೇ ಹೊತ್ತು ಹಿಡೀತದ!"

"ಸಹಿ ಯಾರ ಕೇಳ್ಯಾರ್ರಿ? ಮೊದಲ ವಾಯರ್ ಕಿತ್ತಿಡ್ರಿ."

ಕುಂಚ ನನ್ನ ಕೈಗೆ ಬಂತು. ಫ್ಯಾನಿನ ತುಂಬ ಹತ್ತಿಯಂಥ ಧೂಳು, ಎಲ್ಲ ಕೆಡವಿದೆ. ಆಮೇಲೆ ಗೇಣುದ್ದ ಕೂಡ ಇಲ್ಲದ ಒಂದು ಪಟ್ಟಿ ತೆಗೆಸಿ, ಇದು ಕೆಲಸದ ಹೊತ್ತಿಗಷ್ಟೇ ಬೇಕಾಗುವ ಯಂತ್ರದ ನೆನಪು ಎಂದು ಹೇಳಿ, ಅದರ ಹಳದಿ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ತಿಕ್ಕಿಸಿದರು. ಪಾಟಿಯನ್ನು ಎಂಜಲಿನಿಂದ ಒರೆಸಿ ಕಲಿತವಳು ನಾನು. ರಬ್ಬರು ಹಿಡಿದದ್ದು ಅಂದೇ ಮೊದಲು.

"ಇದು ಅಡಗೀ ಕಟ್ಟಿ ಇದ್ದಂಗರಿ. ಕಟ್ಟಿ ತುಂಬ ಡಬ್ಬಿ ಹರವಿದ್ರ ರೊಟ್ಟಿ ಎಲ್ಲೆ ಬಡೀತೀರಿ? ಹಾಡು, ಆಟ ಎಲ್ಲಾ ಒಮ್ಮೆಲೆ ತಗದ ಕೂಡಬ್ಯಾಡ ಅಂತ ಹುಡುಗಿಗೆ ಹೇಳ್ರಿ. ಭಾಳ ಚಲೋ ಓಡತದ."

ಪಟ್ಟಿ ಟಕ್ಕೆಂದು ಕುಳಿತಿತು. ವಾಯರ್ ಮತ್ತೆ ಚುಚ್ಚಿ ನಾನೇ ಸ್ವಿಚ್ ಒತ್ತಿದೆ. ಪರದೆ ಬೆಳಗಿತು! ಒಂದು ಪುಟವೂ ಕಳೆದಿರಲಿಲ್ಲ. ಮೊಮ್ಮಗಳು ಬಂದವಳೇ ನನ್ನನ್ನು ತಬ್ಬಿ ಗಿರಗಿರ ತಿರುಗಿಸಿದಳು.

ಏನಾಗಿತ್ತೆಂದು ಮಗ ಕೇಳಿದಾಗ ಮಾಸ್ತರರು ಅಂದದ್ದಿಷ್ಟೇ: "ಧೂಳ ಕೂತಿತ್ರಿ. ಆಯೀನ ತಗದ್ರು." ಕೌದಿಯ ಸುದ್ದಿ ಎತ್ತಲೇ ಇಲ್ಲ.

ಮೊಮ್ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು! ಪೇಢೆ ಹಿಡಿದು ನಾನೇ ಕೊಂಢವಾಕ್ಕೆ ಹೋದೆ. "ನಂದಽ ತಪ್ಪಿತ್ತಲ್ರಿ, ಯಾಕ ಹೇಳ್ಲಿಲ್ಲ?" ಅಂದೆ. "ಯಂತ್ರ ರಿಪೇರಿ ಮಾಡ್ಲಿಕ್ಕೆ ಕರದಿದ್ರಿ," ಅಂದರು ನಗುತ್ತ, "ಮನಿಯಾಗ ಜಗಳ ಹಚ್ಚಲಿಕ್ಕಲ್ಲ."

ಮಾಸ್ತರರು ಈಗಿಲ್ಲ. ಅವರು ಹೋದ ಮೇಲೆ ನಮ್ಮ ಬಿಲ್ಡಿಂಗಿನ ನಾಲ್ಕು ಮನೆಗಳ ಡಬ್ಬಿ ನಾನು ಬಿಚ್ಚಿದ್ದೇನೆ, ನಾಲ್ಕೂ ಎದ್ದು ನಿಂತಿವೆ. ಒಂದರಲ್ಲಿ ಚಹಾ ಚೆಲ್ಲಿತ್ತು, ಇನ್ನೊಂದರಲ್ಲಿ ಊದುಬತ್ತಿಯ ಬೂದಿ. ಯಾರ ಕೆಲಸವೆಂದು ನನಗೆ ಗೊತ್ತು. ಯಾರಿಗೂ ಹೇಳಿಲ್ಲ.