ಪರೀಕ್ಷೆಗೆಂದು ಇಟ್ಟ ಹಲ್ಲು

ಬಾಯಿಯ ಶಸ್ತ್ರಚಿಕಿತ್ಸೆಯಲ್ಲಿ ಎಂ.ಡಿ.ಎಸ್. ಮಾಡುವವರು ಕೊನೆಯ ಪರೀಕ್ಷೆಗೆ ರೋಗಿಯನ್ನೂ ತಾವೇ ಹುಡುಕಿಕೊಂಡು ಹೋಗಬೇಕು. ನಮ್ಮ ಕಾಲೇಜಿನಲ್ಲಿ ಹಾಗೇ ಇತ್ತು. ಎಂಥ ರೋಗಿಯಾದರೂ ಆದೀತು ಎನ್ನುವಂತಿಲ್ಲ. ಕೆಳದವಡೆಯ ಬುದ್ಧಿಹಲ್ಲು ಎಲುಬಿನಲ್ಲಿ ಅರ್ಧ ಹೂತು ಅಡ್ಡ ಮಲಗಿರಬೇಕು. ಸಲೀಸಾಗಿ ಬರುವ ಹಲ್ಲಿಗೆ ಅಂಕವಿಲ್ಲ. ತೀರಾ ಮೊಂಡ ಹಲ್ಲಾದರೆ ಪರೀಕ್ಷಕರ ಮುಂದೆ ಮಾನ ಹೋಗುತ್ತದೆ. ರೋಗಿಯೇ ಬಾರದಿದ್ದರೆ ಪರೀಕ್ಷೆಯೂ ಇಲ್ಲ, ಇನ್ನಾರು ತಿಂಗಳು ಕಾಯಬೇಕು. ನಾನು ಒಂದು ಸಲ ಆಗಲೇ ಕಾದಿದ್ದೆ. ಬರುತ್ತೇನೆಂದು ಮಾತು ಕೊಟ್ಟಿದ್ದ ಯಲಬುರ್ಗಾದ ಮನುಷ್ಯ ನೋವು ಇಳಿದದ್ದೇ ತಡ ಫೋನ್ ಎತ್ತುವುದನ್ನು ಬಿಟ್ಟಿದ್ದ. ಅವನ ನೋವು ಯಾಕಾದರೂ ಇಳಿಯಿತೋ ಎಂದು ಶಪಿಸಿದ್ದೆ.

ಅಷ್ಟರಲ್ಲಿ ಕುಷ್ಟಗಿಯ ನಮ್ಮ ಮನೆಯಲ್ಲಿ ಅಣ್ಣನ ಮಗಳ ತೊಟ್ಟಿಲ ಕಾರ್ಯ ಬಂತು. ಗಂಗಾವತಿಯಿಂದ ಅತ್ತೆ ಬಂದಿದ್ದಳು, ಅಪ್ಪನ ಅಕ್ಕ. ಅವಳ ಮಗನನ್ನು ಮದುವೆಯಾಗಲಾರೆ, ಓದುತ್ತೇನೆ ಎಂದು ನಾನು ಹೇಳಿದ ದಿನದಿಂದ ನಮ್ಮಿಬ್ಬರಿಗೆ ಮಾತಿಲ್ಲ. "ಮಂದಿ ಬಾಯಾಗ ಕೈ ಹಾಕೋ ಕೆಲಸಕ್ಕ ನನ್ನ ಮಗನ್ನ ಬ್ಯಾಡ ಅಂದಾಳ" ಎಂದು ಊರೆಲ್ಲ ಆಡಿಕೊಂಡವಳು ಅವಳು. ನಾನೂ ಕಡಿಮೆಯಿರಲಿಲ್ಲ. ಅಕ್ಕಿ ಚೀಲ ಎಣಿಸುವುದು ಬಿಟ್ಟರೆ ಅವಳ ಮಗನಿಗೆ ಬೇರೇನೂ ಬಾರದು ಎಂದಿದ್ದೆ. ಅದು ಅವಳ ಕಿವಿಗೂ ಮುಟ್ಟಿತ್ತು. ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ, ನಮ್ಮದಕ್ಕೆ ಆಗಿನ್ನೂ ಮೂರು ತುಂಬಿತ್ತು.

ಊಟದ ಸಾಲಿನಲ್ಲಿ ಎಲ್ಲರೂ ಕಡಕ್ ರೊಟ್ಟಿ ಮುರಿದು ತಿನ್ನುತ್ತಿದ್ದರೆ ಅತ್ತೆ ಮಾತ್ರ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಒಂದೇ ಕಡೆ ನುರಿಸುತ್ತಿದ್ದಳು. ಬಲಗಲ್ಲ ಊದಿತ್ತು. ನನಗೆ ಪಾಪ ಅನ್ನಿಸಲಿಲ್ಲ. ಸುಳ್ಳೇಕೆ ಹೇಳಲಿ, ಸಂತೋಷವಾಯಿತು. ಕಾರ್ಯವಾಸಿ ಕತ್ತೆಕಾಲು ಹಿಡಿ ಎಂದು ಪಕ್ಕದಲ್ಲಿ ಹೋಗಿ ಕೂತು, ಬಾಯಿ ತುಂಬ "ಅತ್ತಿ" ಎಂದು ಕರೆದೆ. ಮರುದಿನ ಕೊಪ್ಪಳಕ್ಕೆ ಕರೆದೊಯ್ದು ಎಕ್ಸ್‌ರೇ ತೆಗೆಸಿದೆ. ಹಲ್ಲು ಹೇಳಿ ಮಾಡಿಸಿದಂತಿತ್ತು.

"ಇವತ್ತ ತಗದುಬಿಡು. ನಿದ್ದಿ ಇಲ್ಲ ನನಗ" ಅಂದಳು.

"ಬಾವು ಇಳೀಬೇಕು ಅತ್ತಿ. ಈಗ ಕೈ ಹಚ್ಚಿದ್ರ ನಂಜಾಗತೈತಿ. ಮುಂದಿನ ತಿಂಗಳು ಹೊರಗಿಂದ ದೊಡ್ಡ ಡಾಕ್ಟ್ರು ಬರ್ತಾರ, ಅವರ ಮುಂದ ತಗೀತೀನಿ."

ಬಾವು ಇಳಿಯಲು ಒಂದು ವಾರ ಸಾಕಿತ್ತು. ಉಳಿದ ಐದು ವಾರ ಅವಳು ನೋವು ತಿಂದದ್ದು ನನ್ನ ಪರೀಕ್ಷೆಗಾಗಿ. ಗುಳಿಗೆ ಮುಗಿದಾಗಲೆಲ್ಲ ಮತ್ತೆ ಬರೆದುಕೊಟ್ಟೆ. ದಿನಾ ಫೋನ್ ಮಾಡಿ ಹೇಗಿದ್ದೀ ಎಂದು ವಿಚಾರಿಸಿದೆ. ಬೇರೆ ಯಾರ ಹತ್ತಿರವಾದರೂ ಹೋಗಿ ಕೀಳಿಸಿಕೊಂಡುಬಿಟ್ಟಾಳೆಂಬ ಭಯ ನನಗೆ. ಅವಳು ಅದನ್ನೇ ಪ್ರೀತಿ ಎಂದುಕೊಂಡಳು. "ಏನಂದ್ರೂ ನಮ್ಮ ರಕ್ತ ನೋಡು, ದಿನಾ ಕೇಳ್ತಾಳ" ಎಂದು ಅಪ್ಪನ ಮುಂದೆ ಹೇಳಿದಳಂತೆ. ಅಪ್ಪ ಅದನ್ನು ಹೇಳಿದಾಗ ನಾನು ಮಾತು ಬದಲಿಸಿದೆ.

ಪರೀಕ್ಷೆಯ ದಿನ ಬಸ್ಸಿನಲ್ಲಿ ಅವಳಿಗೆ ಪಾಠ ಹೇಳಿಕೊಟ್ಟೆ. ಎಷ್ಟು ದಿನದ ನೋವು ಎಂದು ಕೇಳಿದರೆ ಹದಿನೈದು ದಿನ ಅನ್ನು, ಸಾಕು ಎಂದೆ. ಹೂಂ ಅಂದಳು. ಆದರೆ ಕಾಲೇಜಿನಲ್ಲಿ ಎಲ್ಲ ಅಭ್ಯರ್ಥಿಗಳ ರೋಗಿಗಳನ್ನು ಒಂದೇ ಬೆಂಚಿನ ಮೇಲೆ ಕೂರಿಸಿದ್ದರು. ಕೂತವರು ಸುಮ್ಮನಿರುತ್ತಾರೆಯೇ? ಅತ್ತೆಯ ಪಕ್ಕದಲ್ಲಿದ್ದ ಲಾರಿ ಡ್ರೈವರ್ ಮಾತು ತೆಗೆದ.

"ನಂದು ಎರಡು ತಿಂಗಳಾತ್ರಿ ಅಕ್ಕಾರ. ಇವತ್ತು ಇವರ ಪರೀಕ್ಷಾ ಅಲ್ಲೇನ್ರಿ, ಅಲ್ಲೀತನಕ ತಡಕೋ ಅಂದಿದ್ರು. ನಿಮ್ದು?"

ಅತ್ತೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಎದ್ದು ಹೋಗಿಬಿಡುತ್ತಾಳೆ, ಮತ್ತೆ ಆರು ತಿಂಗಳು ಎಂದುಕೊಂಡೆ. ಆ ಹೊತ್ತಿನಲ್ಲೂ ನನಗೆ ಹೊಳೆದದ್ದು ಅದೊಂದೇ. ಅವಳು ಹೋಗಲಿಲ್ಲ. ಕರೆದಾಗ ಬಂದು ಕುರ್ಚಿಯಲ್ಲಿ ಕೂತಳು. ಪರೀಕ್ಷಕರು ಕೇಳಿದ್ದಕ್ಕೆ "ಹದಿನೈದು ದಿನಾತ್ರಿ" ಎಂದಳು.

ಪರೀಕ್ಷಕರು ಹೊರಗಿನಿಂದ ಬಂದವರು, ಕೈಗಡಿಯಾರ ನೋಡಿಕೊಳ್ಳುತ್ತ ನನ್ನ ಬೆನ್ನ ಹಿಂದೆಯೇ ನಿಂತರು. ಸೂಜಿ ಚುಚ್ಚಿ ಮರಗಟ್ಟಿಸಿ, ಒಸಡು ಬಿಡಿಸಿ, ಎಲುಬು ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ಹೊರಗೆ ತೆಗೆದೆ. ಸಾಮಾನ್ಯವಾಗಿ ರೋಗಿಗಳು ಕಣ್ಣು ಮುಚ್ಚುತ್ತಾರೆ. ಅತ್ತೆ ಇಡೀ ಹೊತ್ತು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಹೊಲಿಗೆ ಹಾಕಿ, ಹತ್ತಿ ಇಟ್ಟು, ಅರ್ಧ ತಾಸು ಕಚ್ಚಿ ಹಿಡಿ, ಮಾತಾಡಬೇಡ ಎಂದೆ.

ಕೆಲಸ ಚೊಕ್ಕಟವಾಗಿತ್ತು. ಪರೀಕ್ಷಕರು ಖುಷಿಯಾಗಿ, "ಏನಮ್ಮಾ, ನಿಮ್ಮ ಡಾಕ್ಟ್ರನ್ನ ಪಾಸ್ ಮಾಡೋಣ್ವಾ?" ಎಂದು ತಮಾಷೆ ಮಾಡಿದರು.

ಅತ್ತೆ ಬಾಯೊಳಗಿನ ಹತ್ತಿಯನ್ನು ತೆಗೆದು ಕೈಯಲ್ಲಿ ಹಿಡಿದಳು. ಅರ್ಧ ತುಟಿ ಜೋತುಬಿದ್ದು ಜೊಲ್ಲು ಇಳಿಯುತ್ತಿತ್ತು. ಆದರೂ ಪ್ರತಿ ಮಾತೂ ಎಲ್ಲರಿಗೂ ಕೇಳಿಸಿತು.

"ಪಾಸ್ ಮಾಡಿಬಿಡ್ರಿ ಸಾಹೇಬ್ರ. ಇಲ್ಲಾಂದ್ರ ಮುಂದಿನ ಪರೀಕ್ಷಾಕ್ಕ ಮತ್ತ್ಯಾರಿಗೋ ಗುಳಿಗಿ ನುಂಗಿಸಿ, ನೋವು ಹಂಗ ಇಟ್ಕೊಂಡು ಬಾ ಅಂತಾಳ."

ಪರೀಕ್ಷಕರು ಜೋರಾಗಿ ನಕ್ಕರು. "ನಮ್ಮ ಕಾಲದಲ್ಲೂ ಹೀಗೇ ಕಣಮ್ಮಾ" ಎಂದರು. ಅವರು ನಕ್ಕರೆಂದು ನಮ್ಮ ಪ್ರೊಫೆಸರ್ ನಕ್ಕರು, ನರ್ಸ್ ನಕ್ಕಳು. ನಾನೂ ನಕ್ಕೆ. ಅಂಕದ ಹಾಳೆ ಅವರ ಕೈಯಲ್ಲಿತ್ತು, ಅದಕ್ಕೇ ನಕ್ಕೆ. ಸುಳ್ಳು ಹೇಳಿ ಅವಳನ್ನು ಕಾಯಿಸಿದ್ದಕ್ಕಿಂತ ಆ ನಗುವಿಗಾಗಿ ನನಗೆ ಇವತ್ತಿಗೂ ನನ್ನ ಮೇಲೆ ಹೇಸಿಗೆಯಾಗುತ್ತದೆ. ಅತ್ತೆ ನಾನು ನಗುವುದನ್ನು ನೋಡಿದಳು, ನೋಡಿ ಹತ್ತಿಯನ್ನು ತಾನೇ ಬಾಯಿಗಿಟ್ಟುಕೊಂಡು ಕಚ್ಚಿದಳು.

ಆ ಸಲ ನಾನು ಪಾಸಾದೆ. ವಾರದ ಮೇಲೆ ಹೊಲಿಗೆ ಬಿಚ್ಚಬೇಕಿತ್ತು, ಎರಡು ದಿನ ಅವಳ ದಾರಿ ಕಾದೆ. ಅವಳು ಗಂಗಾವತಿಯಲ್ಲೇ ಬೇರೆ ಡಾಕ್ಟರ ಹತ್ತಿರ ಹೋಗಿ ಬಿಚ್ಚಿಸಿಕೊಂಡಿದ್ದಳು.