ಒಂದೇ ನೂಲಿಗೆ ಮೂರು ಹೆಸರು

ರಾಮನಗರದ ರೇಷ್ಮೆ ಕಂಪನಿಯೊಂದರಲ್ಲಿ ನಾನು ಪ್ರೋಗ್ರಾಮರ್ ಆಗಿದ್ದೆ. ಕನಕಪುರದಲ್ಲಿ ಗೂಡಿನಿಂದ ನೂಲು ಬಿಚ್ಚುತ್ತಿದ್ದರು, ರಾಮನಗರದಲ್ಲಿ ಎಳೆಗಳನ್ನು ತಿರುಚಿ ಹುರಿ ಮಾಡುತ್ತಿದ್ದರು, ಮಾಗಡಿಯಲ್ಲಿ ಸೀರೆ ನೇಯುತ್ತಿದ್ದರು. ಹುರಿ ಬೇಡದ ನೂಲು ಕನಕಪುರದಿಂದ ನೇರ ಮಾಗಡಿಗೆ ಹೋಗುತ್ತಿತ್ತು. ಹೆದ್ದಾರಿಯುದ್ದಕ್ಕೂ ಹೊಸ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಮೂರು ಘಟಕಗಳ ದಾಸ್ತಾನೂ ಒಂದೇ ಕಂಪ್ಯೂಟರಿನಲ್ಲಿ ಕಾಣಬೇಕೆಂದು ನಮ್ಮ ಮಾಲೀಕರಿಗೂ ಹಠ ಹುಟ್ಟಿತು. ಆ ಕೆಲಸ ನಡೆಸಲು ಕೂಟಗಲ್ ಕಡೆಯ ಒಬ್ಬ ಮೇಡಂ ಬಂದರು. ರೈತರ ಮನೆಯ ಮಗಳು. ಬೆಂಗಳೂರಿನ ಕಂಪನಿಗಳಲ್ಲಿ ಇಂಥ ಪ್ರಾಜೆಕ್ಟ್‌ಗಳನ್ನು ನಡೆಸಿ ಪಳಗಿದವರು.

ಆಯುಧಪೂಜೆಯ ದಿನವೇ ಉದ್ಘಾಟನೆ ಆಗಬೇಕೆಂದು ಮಾಲೀಕರು ನೆಂಟರಿಷ್ಟರಿಗೆಲ್ಲ ಹೇಳಿಬಿಟ್ಟಿದ್ದರು. ನಮ್ಮ ಪ್ರೋಗ್ರಾಂ ಕೂಡ ಬಹುಪಾಲು ಮುಗಿದಿತ್ತು. ಆದರೆ ಮೇಡಂ ಒಪ್ಪಲಿಲ್ಲ.

"ಪೂಜೆ ಮಾಡಿ ಸಾರ್, ಕಂಪ್ಯೂಟರಿಗೂ ಕುಂಕುಮ ಇಡಿ. ಸುರು ಮಾಡಾದು ಮಾತ್ರ ಈಗ ಬ್ಯಾಡ."

"ಎಲ್ಲಾರ್ಗೂ ಹೇಳ್ಬುಟ್ಟಿವ್ನಿ ಕಣಮ್ಮ! ಇನ್ನೇನ್ ಬಾಕಿ ಐತೆ?"

"ಒಂದೇ ನೂಲ್ನ ಮೂರು ಊರಲ್ಲಿ ಮೂರು ಹೆಸರಲ್ಲಿ ಕರೀತಾವ್ರೆ. ಮೊದ್ಲು ಅದು ಸರಿಹೋಗ್ಲಿ. ಇಲ್ದಿದ್ರೆ ಇವತ್ತಿನ ಜಗಳವೇ ನಾಳೆ ಕಂಪ್ಯೂಟರಲ್ಲಿ ಒಸಿ ಬೇಗ ಆಯ್ತದೆ, ಅಷ್ಟೇಯ."

ಮಾಲೀಕರ ಮುಖ ಕೆಂಪಾಯಿತು. ಅವರೆದುರು ಹಾಗೆ ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಮೇಡಂ ದನಿ ಏರಿಸಲಿಲ್ಲ, ಮಾತು ಬದಲಿಸಲೂ ಇಲ್ಲ. ಕೊನೆಗೆ ದೀಪಾವಳಿಯವರೆಗೆ ಸಮಯ ಸಿಕ್ಕಿತು.

ಮರುವಾರ ಅವರು ಕನಕಪುರ ಮತ್ತು ಮಾಗಡಿಯ ಮೇಸ್ತ್ರಿಗಳನ್ನು ನಮ್ಮಲ್ಲಿಗೆ ಕರೆಸಿದರು. ಕೇಳಿದ ನೂಲು ಬರಲಿಲ್ಲವೆಂದು ಇಬ್ಬರೂ ವರ್ಷಗಳಿಂದ ಫೋನಿನಲ್ಲೇ ಬೈದಾಡಿಕೊಳ್ಳುತ್ತಿದ್ದರು. ಮೇಡಂ ಕಂಪ್ಯೂಟರ್ ತೆರೆಯಲೇ ಇಲ್ಲ. ಮೇಜಿನ ಮೇಲೆ ನೂಲಿನ ಲಡಿಗಳನ್ನು ಹರಡಿ, "ಮಾಗಡಿಯೋರು 'ನಯ' ಅಂತ ಕೇಳ್ತೀರಲ್ಲ, ಯಾವುದು? ತೋರ್ಸಿ" ಎಂದರು.

ಮಾಗಡಿಯ ಮೇಸ್ತ್ರಿ ತೆಳ್ಳನೆಯ ಲಡಿಯೊಂದನ್ನು ಎತ್ತಿದ. ಕನಕಪುರದವನು ತಲೆ ಮೇಲೆ ಕೈ ಹೊತ್ತ.

"ಲೇ, ಅದು ಸಣ್ಣೆಳೆ ಕಣ್ಲಾ! ನಮ್ಮಲ್ಲಿ ನಯ ಅಂದ್ರೆ ಇದು," ಎಂದು ದಪ್ಪನೆಯ, ಮೆತ್ತನೆಯ ಲಡಿ ಹಿಡಿದ. "ನೀನು ಕೇಳಿದ್ದನ್ನೇ ಕಳಿಸಿವ್ನಿ."

"ಅಂಗಾದ್ರೆ ನಾನು ಬೈದಿದ್ದೆಲ್ಲ ಸುಮ್ನೆನಾ?"

ಕೋಣೆಯೆಲ್ಲ ನಕ್ಕಿತು. ರಾಮನಗರದಲ್ಲಿ ಅದೇ ತೆಳು ನೂಲಿಗೆ 'ಸಿಂಗಲ್' ಎನ್ನುತ್ತಿದ್ದೆವು. ಯಾರ ಹೆಸರು ಉಳಿಯಬೇಕೆಂದು ಮತ್ತೆ ಗದ್ದಲ ಎದ್ದಿತು. ಮೇಡಂ ತೀರ್ಪು ಕೊಡಲಿಲ್ಲ. ಚಹಾ ತರಿಸಿ, ಅವರವರೇ ಮಾತಾಡಿಕೊಳ್ಳಲು ಬಿಟ್ಟು ಹೊರಗೆ ಹೋದರು. ತಿರುಗಿ ಬರುವ ಹೊತ್ತಿಗೆ ಹೆಚ್ಚಿನ ಲಡಿಗಳಿಗೆ ಒಂದೊಂದೇ ಹೆಸರು ನಿಂತಿತ್ತು. ಉಳಿದ ಒಂದೆರಡರ ಜಗಳ ಮುಂದಿನ ವಾರಕ್ಕೂ ಹೋಯಿತು. ಕೊನೆಗೆ ಎಲ್ಲರೂ ಒಪ್ಪಿದ ಹೆಸರುಗಳನ್ನೇ ನಾನು ಕನ್ನಡದಲ್ಲಿ ಪರದೆಗೆ ಏರಿಸಿದೆ.

ದೀಪಾವಳಿ ಕಳೆದು ವ್ಯವಸ್ಥೆ ಶುರುವಾದ ಬೆಳಿಗ್ಗೆ ಮಾಗಡಿಯಿಂದ ಮೊದಲ ಬೇಡಿಕೆ ಹೊರಟಿತು. ಕನಕಪುರದ ಮೇಸ್ತ್ರಿ ಮಾಗಡಿಯವನಿಗೆ ಫೋನ್ ಮಾಡಿದ್ದು ಬೈಯುವುದಕ್ಕಲ್ಲ. "ಬಂತು ಕಣ್ಲಾ, ಸಣ್ಣೆಳೆ ಅಂತಾನೇ ಬಂತು. ಮಧ್ಯಾಹ್ನಕ್ಕೆ ಗಾಡಿ ಬುಡ್ತೀನಿ."

ಮಾಲೀಕರು ಸಿಹಿ ಹಂಚಿಸಿ ಹಾರ ಹಾಕಲು ಮೇಡಂ ಅವರನ್ನು ಹುಡುಕಿದರು. ಮೇಡಂ ಹುರಿ ಶೆಡ್ಡಿನಲ್ಲಿದ್ದರು. ಪರದೆಯ ಮುಂದೆ ಕೂತಿದ್ದ ಗುಮಾಸ್ತೆಯ ಹಿಂದೆ ಕೈಕಟ್ಟಿ ನಿಂತು, ಅವಳು ತಡವರಿಸಿದಾಗಲೂ ಕೀಲಿಮಣೆಗೆ ಕೈ ಹಾಕದೆ, "ನಿಧಾನ್ವಾಗಿ ನೋಡಮ್ಮ, ನಿಂಗೇ ಗೊತ್ತಾಯ್ತದೆ" ಎನ್ನುತ್ತಿದ್ದರು.