ಬೆಳಕಿನ ಪೆಟ್ಟಿಗೆಗೆ ಒಂದು ಚಿಟಿಕೆ ಭಂಡಾರ

ಸಿದ್ದಲಿಂಗಪ್ಪನವರ ಮುಖಕ್ಕಿಂತ ಅವರ ಬೆನ್ನೇ ನನಗೆ ಹೆಚ್ಚು ಪರಿಚಯ. ಪುಣೆಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಬಂದರೆಂದರೆ ಯಾವುದಾದರೂ ಯಂತ್ರದ ಹೊಟ್ಟೆಯೊಳಗೆ ತಲೆ ತೂರಿಸಿ ನಿಂತುಬಿಡುತ್ತಿದ್ದರು. ಹೊರಗೆ ಕಾಣುತ್ತಿದ್ದದ್ದು ಬೆವರಿಗೆ ಅಂಟಿದ ಅಂಗಿ ಮತ್ತು ಹಿಂದಕ್ಕೆ ಚಾಚಿದ ಒಂದು ಕೈ. ಆ ಕೈಗೆ ಒಮ್ಮೆ ಸ್ಕ್ರೂಡ್ರೈವರ್ ಕೊಡಬೇಕು, ಒಮ್ಮೆ ಚಹಾ ಕೊಡಬೇಕು. ನಾನು ಅಲ್ಲಿ ಪಾಠ ಹೇಳುತ್ತಿದ್ದೆ. ನಾನು ಬೆಳಗಾವಿ ಕಡೆಯವಳು, ಅವರು ಇಂಡಿ ಕಡೆಯವರು. ಊರಿನವರೊಡನೆಲ್ಲ ಮರಾಠಿ, ನಮ್ಮಿಬ್ಬರ ನಡುವೆ ಕನ್ನಡ.

ಮೊದಲು ಅವರು ಊರಂಚಿನ ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅಳತೆಯ ಯಂತ್ರಗಳನ್ನು ಜೋಡಿಸುತ್ತಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ಅದು ಬಾಗಿಲು ಹಾಕಿತು. ಆಮೇಲೆ ಒಂದು ಹಳೆಯ ಸ್ಕೂಟರು, ಕಾಲ ಬಳಿ ಒಂದು ಸಾಮಾನಿನ ಪೆಟ್ಟಿಗೆ, ಊರ ತುಂಬ ಕಾಲೇಜುಗಳು. ಕಾಲೇಜಿನ ಯಂತ್ರ ಕೆಟ್ಟರೆ ನಮ್ಮಲ್ಲಿ ಅದಕ್ಕೊಂದು ಬಟ್ಟೆ ಹೊದಿಸುತ್ತಾರೆ. ಮರುವರ್ಷ ಆ ಬಟ್ಟೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು ಬರುತ್ತದೆ, ಅದರ ಮರುವರ್ಷ ಯಾರದೋ ಹೆಲ್ಮೆಟ್ಟು. ಹೀಗೆ ಹೂತುಹೋದ ಯಂತ್ರಗಳನ್ನು ಎಬ್ಬಿಸುವುದೇ ಅವರ ಬದುಕಾಯಿತು. ಬೆಸುಗೆಯ ಹೊಗೆ ಕುಡಿದು ಕೆಮ್ಮು ಬಂತು, ಬಗ್ಗಿ ಬಗ್ಗಿ ಸೊಂಟ ಹೋಯಿತು. "ಸಾಕಾಗ್ಯದರಿ ಅಕ್ಕಾರ," ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಹೇಳಿ ಮತ್ತೆ ತಲೆ ಒಳಗೆ ತೂರಿಸುತ್ತಿದ್ದರು.

ನಮ್ಮಲ್ಲಿ ಒಂದು ಸ್ಪೆಕ್ಟ್ರೋಫೋಟೋಮೀಟರ್ ಇತ್ತು. ಬಣ್ಣದ ದ್ರಾವಣವೊಂದು ಎಷ್ಟು ಬೆಳಕನ್ನು ನುಂಗುತ್ತದೆ ಎಂದು ಅಳೆಯುವ ಪೆಟ್ಟಿಗೆ ಅದು. ಪುಟ್ಟ ಗಾಜಿನ ಪಾತ್ರೆಯಲ್ಲಿ ದ್ರಾವಣ ತುಂಬಿ ಒಳಗಿನ ಕುಣಿಯಲ್ಲಿಟ್ಟು ಮುಚ್ಚಳ ಹಾಕಿದರೆ ಮುಳ್ಳು ಅಂಕಿ ತೋರಿಸಬೇಕು. ನಾನು ಕೆಲಸಕ್ಕೆ ಸೇರಿದಾಗಿನಿಂದ ಆ ಮುಳ್ಳು ಅಲುಗಾಡಿದ್ದನ್ನು ಕಂಡವರಿರಲಿಲ್ಲ. ಸಿದ್ದಲಿಂಗಪ್ಪ ಅದಕ್ಕೆ ಹೊಸ ದೀಪ ಹಾಕಿದರು, ಕನ್ನಡಿಗಳನ್ನು ಒರೆಸಿ ನೆಟ್ಟಗೆ ಕೂರಿಸಿದರು. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಸಂಜೆಯ ಕ್ಲಾಸಿಗೆ ಹೋಗಿ ಕಂಪ್ಯೂಟರಿನ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದರು. ಕಾಲೇಜಿನ ಕಚೇರಿ ಎಸೆದಿದ್ದ ಕಂಪ್ಯೂಟರನ್ನು ಯಂತ್ರಕ್ಕೆ ಜೋಡಿಸಿ, ಮುಳ್ಳಿನ ಅಂಕಿಯೆಲ್ಲ ತೆರೆಯ ಮೇಲೆ ಗೆರೆಯಾಗಿ ಮೂಡುವಂತೆ ಮಾಡಿದರು. ಮೊದಲ ಗೆರೆ ಏರಿ ಇಳಿದ ದಿನ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಅವರದೊಂದು ರೂಢಿ ಇತ್ತು. ಮನೆದೇವರು ಪುಣೆ ಬಳಿಯ ಜೇಜುರಿಯ ಖಂಡೋಬ, ಅವರ ಬಾಯಲ್ಲಿ ಮೈಲಾರಲಿಂಗ. ಅಲ್ಲಿಂದ ತಂದ ಭಂಡಾರದ ಪೊಟ್ಟಣ, ಅಂದರೆ ದೇವರ ಅರಿಶಿನದ ಪುಡಿ, ಸದಾ ಅಂಗಿಯ ಕಿಸೆಯಲ್ಲಿ ಇರುತ್ತಿತ್ತು. ಕೆಲಸ ಮುಗಿಸಿ ಮುಚ್ಚಳ ಹಾಕುವ ಮುನ್ನ "ಏಳುಕೋಟಿ" ಎಂದು ಆ ದೇವರ ಜಯಘೋಷ ಗೊಣಗಿ ಯಂತ್ರಕ್ಕೆ ಒಂದು ಚಿಟಿಕೆ ಹಾಕುತ್ತಿದ್ದರು. ಮೊದಮೊದಲು ಹೊರಗೆ ಹಚ್ಚುತ್ತಿದ್ದರಂತೆ. ಕೆಲವು ಕಾಲೇಜಿನ ದೊಡ್ಡವರು ಮುಖ ಸಿಂಡರಿಸಿದ ಮೇಲೆ ಒಳಗೆ, ಗಾಜಿನ ಪಾತ್ರೆ ಕೂರುವ ಕತ್ತಲ ಕುಣಿಯ ಮೂಲೆಗೆ ಹಾಕತೊಡಗಿದರು. "ದೇವರು ಒಳಗಿದ್ರೂ ದೇವರರಿ, ಯಾರಿಗೂ ತ್ರಾಸಿಲ್ಲ," ಎನ್ನುತ್ತಿದ್ದರು. ನಾನೂ ತಲೆ ಕೆಡಿಸಿಕೊಂಡಿರಲಿಲ್ಲ.

ಎರಡು ಸಾವಿರದ ಇಸವಿಯ ಸುಮಾರಿಗೆ ರಾಜೀವಿ ನಮ್ಮಲ್ಲಿ ಸಂಶೋಧನೆಗೆ ಸೇರಿದಳು. ಅವಳ ಅಪ್ಪ ಭೀಮಣ್ಣ ಕಲಬುರಗಿ ಕಡೆಯಿಂದ ಬಂದು ಭೋಸರಿಯ ಎರಕದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಹುಡುಗಿ ಚೆಂಡುಹೂವಿನ ಹಳದಿ ಬಣ್ಣವನ್ನು ಆಲ್ಕೋಹಾಲಿನಲ್ಲಿ ಇಳಿಸಿ, ಬಿಸಿಲಿಗೆ ಅದು ಎಷ್ಟು ಮಾಸುತ್ತದೆ ಎಂದು ಅಳೆಯುತ್ತಿದ್ದಳು. ದಸರೆ ಮುಗಿದ ಮರುದಿನ ಮಾರುಕಟ್ಟೆಯಲ್ಲಿ ಚೆಲ್ಲಿದ ಹೂವನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತರುತ್ತಿದ್ದಳು. ಕಂಡಕ್ಟರನೊಡನೆ ಜಗಳವಾಡಿ ತರುತ್ತಿದ್ದಳು ಎಂದರೆ ಸರಿ.

ಅವಳ ಅಂಕಿಗಳು ಹೊಂದುತ್ತಿರಲಿಲ್ಲ. ಒಂದೇ ದ್ರಾವಣ ಇಂದು ಒಂದು ಹೇಳಿದರೆ ನಾಳೆ ಇನ್ನೊಂದು. ಬಿಸಿಲಿಗಿಟ್ಟ ಬಣ್ಣ ಕಡಿಮೆಯಾಗುವ ಬದಲು ಹೆಚ್ಚಾದದ್ದೂ ಉಂಟು. ಬಿ.ಎಸ್ಸಿ. ಮಕ್ಕಳು ಅದೇ ಯಂತ್ರದಲ್ಲಿ ನೀರಿನ ದ್ರಾವಣಗಳನ್ನು ಅಳೆದರೆ ಎಲ್ಲವೂ ಸರಿಯಾಗಿ ಬರುತ್ತಿತ್ತು. ಹಾಗಾದರೆ ತಪ್ಪು ಯಾರದು? ನಮ್ಮ ವಿಭಾಗದ ಮುಖ್ಯಸ್ಥರೇ ಅವಳ ಮಾರ್ಗದರ್ಶಕರು. ಅವರಿಗೆ ಉತ್ತರ ಸಿದ್ಧವಿತ್ತು. ಹುಡುಗಿ ಅಳತೆ ಮಾಡದೆ ಮನೆಯಲ್ಲಿ ಕೂತು ಅಂಕಿ ಬರೆಯುತ್ತಿದ್ದಾಳೆ ಎಂದರು. ಎರಕದ ಕೆಲಸದವನ ಮಗಳ ಮೇಲೆ ಇಂಥ ಮಾತು ಎಷ್ಟು ಬೇಗ ಅಂಟುತ್ತದೆ ನೋಡಿ. ನನಗೆ ಮೈ ಉರಿದುಹೋಯಿತು.

ರಾಜೀವಿ ಸಿದ್ದಲಿಂಗಪ್ಪನವರ ಬಳಿ ಹೋಗಿ, "ಕಾಕಾ, ನಾ ಸುಳ್ಳ ಬರದಿಲ್ರಿ. ಒಮ್ಮೆ ನೋಡ್ರಿ," ಎಂದಳು. ಅವರು ನೋಡಿದರು. ಯಂತ್ರದಲ್ಲಿ ತಪ್ಪು ಕಾಣಲಿಲ್ಲ. ತಾವೇ ಬರೆದ ಪ್ರೋಗ್ರಾಮಿನಲ್ಲಿರಬೇಕು ಎಂದು ಅದನ್ನು ಬಿಚ್ಚಿದರು. ಪ್ರತಿ ಅಳತೆಯನ್ನು ಹಲವು ಬಾರಿ ತೆಗೆದು ಸರಾಸರಿ ಮಾಡುವಂತೆ ತಿದ್ದಿದರು. ಹೊಂದಲಿಲ್ಲ. ದೀಪ ಬಿಸಿಯಾಗುವುದಕ್ಕೆ ಒಂದು ಲೆಕ್ಕ ಸೇರಿಸಿದರು. ಹೊಂದಲಿಲ್ಲ. ಬೇರೆ ಕಾಲೇಜುಗಳ ಕೆಲಸ ಬಿಟ್ಟು ಬರತೊಡಗಿದರು. ಕಣ್ಣು ಕೆಂಪಗೆ, ಗಡ್ಡ ಬೆಳೆದು, ತೆರೆಯ ಮುಂದೆ ಕೂತು ಸಾಲು ಸಾಲು ಅಳಿಸಿ ಸಾಲು ಸಾಲು ಬರೆಯುತ್ತಿದ್ದರು. ತಿದ್ದಿದ ಪ್ರತಿ ಸಲವೂ, ಹೋಗುವ ಮುನ್ನ, ಈ ಸಲವಾದರೂ ಕಾಯಪ್ಪಾ ಎಂದು ಕುಣಿಗೆ ಒಂದು ಚಿಟಿಕೆ.

ಮಳೆಗಾಲದ ಹೊತ್ತಿಗೆ ಮುಖ್ಯಸ್ಥರ ತಾಳ್ಮೆ ಮುಗಿಯಿತು. ಬರುವ ಸೋಮವಾರದ ಸಭೆಯಲ್ಲಿ ರಾಜೀವಿಯ ಹೆಸರು ತೆಗೆಸುತ್ತೇನೆ ಎಂದರು. ಸುಳ್ಳು ಅಂಕಿ ಬರೆದಳೆಂದು ಹೆಸರು ತೆಗೆದರೆ ಆಮೇಲೆ ಯಾವ ಕಾಲೇಜೂ ಅವಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಭೀಮಣ್ಣ ಕೆಲಸ ಬಿಟ್ಟು ಬಂದು ನಮ್ಮ ಪಡಸಾಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಅವನಿಗೆ ಕ್ಯಾಂಟೀನಿನಿಂದ ಚಹಾ ತರಿಸಿಕೊಟ್ಟೆ.

ಆ ಭಾನುವಾರ ಏನಾಯಿತೆಂದು ಸಿದ್ದಲಿಂಗಪ್ಪನವರ ಹೆಂಡತಿ ಪಾರವ್ವ ನನಗೆ ಆಮೇಲೆ ಹೇಳಿದರು. ಅವರು ಬಚ್ಚಲಲ್ಲಿ ಗಂಡನ ಅಂಗಿ ಒಗೆಯುತ್ತಿದ್ದರು. ಕಿಸೆಗೆ ಸಾಬೂನು ಉಜ್ಜಿದ ಕೂಡಲೇ ಹಳದಿ ಕಲೆಯೆಲ್ಲ ಕುಂಕುಮದಂತೆ ಕೆಂಪಾಯಿತು. ಅರಿಶಿನಕ್ಕೆ ಸಾಬೂನು ಬಿದ್ದರೆ ಹಾಗೆ ಆಗುವುದು ಎಲ್ಲ ಹೆಂಗಸರಿಗೂ ಗೊತ್ತು. ಪಾರವ್ವ ಅಂಗಿ ಎತ್ತಿ ಹಿಡಿದು ಗದರಿದರು.

"ಈ ಕಿಸೆ ನೋಡ್ರಿ! ಎಷ್ಟ್ ಒಗದ್ರೂ ಹೋಗಂಗಿಲ್ಲ. ಒಗದದ್ದ ಒಗದದ್ದು, ನೀವು ಮತ್ತ ತುಂಬೂದ ತುಂಬೂದು."

ಸಿದ್ದಲಿಂಗಪ್ಪ ಆ ಕಿಸೆಯನ್ನೇ ನೋಡುತ್ತ ನಿಂತರಂತೆ. ಊಟಕ್ಕೆ ಕರೆದರೆ ಬರಲಿಲ್ಲವಂತೆ.

ಸೋಮವಾರ ನಾನು ಬರುವಷ್ಟರಲ್ಲಿ ಅವರು ಪ್ರಯೋಗಾಲಯದ ಬಾಗಿಲಲ್ಲಿದ್ದರು. ಒಳಗೆ ಹೋಗಿ ಯಂತ್ರದ ಮುಚ್ಚಳ ತೆಗೆದು, ಹತ್ತಿಗೆ ಆಲ್ಕೋಹಾಲು ತಾಗಿಸಿ ಕುಣಿಯ ಮೂಲೆ ಒರೆಸಿದರು. ಹತ್ತಿ ಹಳದಿಯಾಯಿತು. ಅದರಲ್ಲಿ ವಿಶೇಷವೇನೂ ಇರಲಿಲ್ಲ, ರಾಜೀವಿಯ ಹೂವಿನ ಬಣ್ಣವೂ ಹಳದಿಯೇ. ಅದಕ್ಕೇ ಇಷ್ಟು ದಿನ ಯಾರಿಗೂ ಅನುಮಾನ ಬಂದಿರಲಿಲ್ಲ. ಆಮೇಲೆ ಅವರು ಬಟ್ಟೆ ಒಗೆಯುವ ಸೋಡಾ ಕರಗಿಸಿದ ನೀರು ಒಂದು ಹನಿ ಹಾಕಿದರು. ಹತ್ತಿ ಕೆಂಪಗಾಯಿತು. ಚೆಂಡುಹೂವಿನ ಬಣ್ಣಕ್ಕೆ ಸೋಡಾ ಹಾಕಿದರೆ ಅದು ಹಳದಿಯಾಗಿಯೇ ಉಳಿಯುತ್ತದೆ.

ನನಗೆ ಥಟ್ಟನೆ ಅರ್ಥವಾಯಿತು. ಅರಿಶಿನ ನೀರಿಗೆ ಕರಗುವುದಿಲ್ಲ, ಆಲ್ಕೋಹಾಲಿಗೆ ಕರಗುತ್ತದೆ. ರಾಜೀವಿಯ ಗಾಜಿನ ಪಾತ್ರೆಯ ಹೊರಮೈಯಲ್ಲಿ ಇಳಿದ ಒಂದು ಹನಿ ಸಾಕು, ಕುಣಿಯ ಭಂಡಾರ ಕರಗಿ ಗಾಜಿಗೆ ಮೆತ್ತಿಕೊಂಡು ಅದೂ ಬೆಳಕು ನುಂಗುತ್ತಿತ್ತು. ಇವರು ಸರಿಮಾಡಲು ಬಂದಷ್ಟೂ ಅದು ಹೆಚ್ಚಾಗುತ್ತಿತ್ತು.

"ಸುಮ್ನ ಒರಸಿಬಿಟ್ರ ಯಂತ್ರ ನೆಟ್ಟಗಾಗ್ತದರಿ ಅಕ್ಕಾರ," ಎಂದರು ಸಿದ್ದಲಿಂಗಪ್ಪ. ದನಿ ಬಾವಿಯ ತಳದಿಂದ ಬಂದಂತಿತ್ತು. "ನನ್ನ ಹೆಸರೂ ಉಳೀತದ. ಆದ್ರ ನಾಳಿ ಆ ಹುಡುಗಿ ಅಂಕಿ ಹೊಂದಿದ್ವು ಅಂದ್ರ, ನಿನ್ನೀವು ಸುಳ್ಳ ಅಂತ ಆತಲ್ರಿ?"

ಅವರು ಕೆಂಪು ಹತ್ತಿಯನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು ಸಭೆಯ ಕೋಣೆಗೆ ನಡೆದರು. ಅಲ್ಲಿ ಎಲ್ಲರೆದುರು, ತಮ್ಮ ಒರಟು ಮರಾಠಿಯಲ್ಲಿ, ಹುಡುಗಿ ಬರೆದ ಪ್ರತಿ ಅಂಕಿಯೂ ಯಂತ್ರ ಹೇಳಿದ್ದೇ, ಯಂತ್ರ ಸುಳ್ಳು ಹೇಳಿದ್ದು ತಮ್ಮ ಕೈಯಿಂದ ಎಂದರು. ಕಿಸೆಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಮತ್ತೊಮ್ಮೆ ಹತ್ತಿ, ಮತ್ತೊಮ್ಮೆ ಸೋಡಾ, ಎಲ್ಲ ಮಾಡಿ ತೋರಿಸಿದರು.

ಮುಖ್ಯಸ್ಥರು ಮೊದಲು ನಕ್ಕರು. ಆಮೇಲೆ ವಿಜ್ಞಾನದ ಪೆಟ್ಟಿಗೆಯೊಳಗೆ ದೇವರ ಪುಡಿಯೇ ಎಂದು ಕೂಗಾಡಿದರು. ಅವರ ಹೊಸ ಕಾರಿನ ಮುಂದೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ತೂಗುತ್ತಿದ್ದದ್ದನ್ನು ಅದೇ ಬೆಳಿಗ್ಗೆ ನಾನು ನೋಡಿದ್ದೆ. ಇರಲಿ. ರಾಜೀವಿಯ ಹೆಸರು ಉಳಿಯಿತು. ಮಾಡಿದ ಕೆಲಸವನ್ನೆಲ್ಲ ಮತ್ತೆ ಮಾಡಬೇಕಿತ್ತು, ಆದರೆ ಸುಳ್ಳುಗಾತಿ ಅನ್ನಿಸಿಕೊಳ್ಳದೆ ಮಾಡಬಹುದಿತ್ತು. ಪಡಸಾಲೆಯಲ್ಲಿ ಭೀಮಣ್ಣ ಸಿದ್ದಲಿಂಗಪ್ಪನವರ ಎರಡೂ ಕೈ ಹಿಡಿದುಕೊಂಡ. ಇವರು ಮೆಲ್ಲಗೆ ಕೈ ಬಿಡಿಸಿಕೊಂಡು ಸ್ಕೂಟರಿನ ಕಡೆ ಹೋದರು.

ಮುಖ್ಯಸ್ಥರು ಆ ಕತೆಯನ್ನು ಹೋದಲ್ಲೆಲ್ಲ ಹೇಳಿ ನಗಿಸಿದರು. ವಿಚಾರಸಂಕಿರಣದಲ್ಲಿ ಬಟಾಟೆವಡೆಯ ಜೊತೆಗೂ ಅದೇ ಕತೆ. ಸಿದ್ದಲಿಂಗಪ್ಪನವರಿಗೆ ಹಳದಿ ಮೆಕ್ಯಾನಿಕ್ ಎಂದು ಹೆಸರು ಬಿತ್ತು. ಯಾರೂ ಅವರನ್ನು ಬರಬೇಡ ಎನ್ನಲಿಲ್ಲ, ಸುಮ್ಮನೆ ಕರೆಯುವುದನ್ನು ಬಿಟ್ಟರು. ಅವರು ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಸೇರಿದರು. ಅಲ್ಲಿ ಹೊಸ ಯಂತ್ರದ ತೆರೆಯಲ್ಲಿ ಬಂದ ಅಂಕಿ ನೋಡಿ ಬರೆದುಕೊಳ್ಳಬೇಕು, ಯಂತ್ರವನ್ನು ಮುಟ್ಟುವಂತಿಲ್ಲ. "ಭಾಳ ಆರಾಮದ ಕೆಲಸರಿ," ಎಂದರು ಒಮ್ಮೆ. ಅಷ್ಟು ದಣಿದ ದನಿಯಲ್ಲಿ ಆರಾಮ ಅನ್ನುವ ಮಾತನ್ನು ನಾನು ಕೇಳಿಲ್ಲ. ಜೇಜುರಿಗೆ ಹೋಗುವುದನ್ನು ಅವರು ಬಿಡಲಿಲ್ಲ, ಭಂಡಾರ ತರುವುದನ್ನು ಬಿಟ್ಟರು. ಮಳೆಗಾಲಗಳು ಹೋದವು.

ರಾಜೀವಿ ಪಿಎಚ್.ಡಿ. ಮುಗಿಸಿ ಸೊಲ್ಲಾಪುರದ ಒಂದು ಕಾಲೇಜಿಗೆ ಕೆಲಸಕ್ಕೆ ಹೋದಳು. ಅಲ್ಲಿನ ಮೂಲೆಯಲ್ಲೂ ಬಟ್ಟೆ ಹೊದ್ದ ಒಂದು ಯಂತ್ರವಿತ್ತಂತೆ. ಒಂದು ರಜೆಯಲ್ಲಿ ಅದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು ಸಿದ್ದಲಿಂಗಪ್ಪನವರ ಮನೆಯಲ್ಲಿ ಇಳಿಸಿದಳು. ನಾನೂ ಜೊತೆಗಿದ್ದೆ.

"ಬ್ಯಾಡವ್ವಾ, ನಾ ಕೈ ಹಚ್ಚಂಗಿಲ್ಲ," ಎಂದರು.

"ನೀವು ಹಚ್ಚಲಿಲ್ಲಂದ್ರ ಇಲ್ಲೇ ಇರ್ಲಿರಿ ಕಾಕಾ. ಕಾಕೂ ಇದರ ಮ್ಯಾಲ ಹಪ್ಪಳ ಒಣಗಸ್ತಾರ."

ಪಾರವ್ವ ನಕ್ಕುಬಿಟ್ಟರು. ಸಿದ್ದಲಿಂಗಪ್ಪ ಎದ್ದು ಕೈ ತೊಳೆದು ಬಂದು ಮುಚ್ಚಳ ಬಿಚ್ಚಿದರು. ನಾವು ಮತ್ತೆ ಹೋದಾಗ ಯಂತ್ರ ನಡೆಯುತ್ತಿತ್ತು, ಹೊಸದಾಗಿ ಬರೆದ ಪ್ರೋಗ್ರಾಮಿನಲ್ಲಿ ಗೆರೆ ಏರಿ ಇಳಿಯುತ್ತಿತ್ತು. ಕೊನೆಯ ಸ್ಕ್ರೂ ಬಿಗಿದ ಮೇಲೆ ಅವರ ಕೈ ತಾನಾಗಿಯೇ ಕಿಸೆಗೆ ಹೋಯಿತು. ಕಿಸೆ ಖಾಲಿ ಇತ್ತು. ಕೈ ವಾಪಸು ಬಂತು.

ರಾಜೀವಿ ತನ್ನ ಚೀಲದಿಂದ ಒಂದು ಪುಟ್ಟ ಗಾಜಿನ ಕೊಳವೆ ತೆಗೆದಳು. ಒಳಗೆ ಒಂದು ಚಿಟಿಕೆ ಭಂಡಾರ. ಕೊಳವೆಯ ಬಾಯನ್ನು ಪ್ರಯೋಗಾಲಯದ ಉರಿಯಲ್ಲಿ ಕಾಸಿ, ಗಾಜನ್ನು ಗಾಜಿಗೇ ಕೂಡಿಸಿ ಮುಚ್ಚಿದ್ದಳು.

"ನಿನ್ನೆ ಜೇಜುರಿಗಿ ಹೋಗಿದ್ದೆರಿ," ಎಂದಳು. "ಇದು ಎಲ್ಲೂ ಚೆಲ್ಲಂಗಿಲ್ರಿ ಕಾಕಾ. ಕಟ್ಟರಿ."

ಅವರು ದಾರ ತೆಗೆದುಕೊಂಡು ಅದನ್ನು ಯಂತ್ರದ ಹಿಡಿಕೆಗೆ, ಎಲ್ಲರಿಗೂ ಕಾಣುವಂತೆ, ಕಟ್ಟತೊಡಗಿದರು. ಕಣ್ಣು ತುಂಬಿ ದಾರ ಕಾಣದೆ ಗಂಟು ಎರಡು ಸಲ ಜಾರಿತು. ಪಾರವ್ವ ಬಂದು ಒಂದು ತುದಿ ಹಿಡಿದುಕೊಂಡರು.